ಮುನೇಶ್ವರನ ಕಮಾನಿನ ಓರೆ ವರಸೆಗಳು

ನಮ್ಮ ಸರ್ವೇಯರ್ ಕಮಾನಿನ ಒಳಗಿಂದ ಕೂಗಿ ಹೇಳಿದ ಅಳತೆಗೂ ನಾನು ಹೊರಗೆ ಟೇಪು ಹಿಡಿದು ಓದಿಕೊಂಡ ಅಳತೆಗೂ ನಡುವೆ ಒಂದು ಎಮ್ಮೆ ಆರಾಮಾಗಿ ಅಡ್ಡ ಮಲಗಬಹುದಾಗಿತ್ತು.

“ಇನ್ನೊಂದ್ಸಲ ಹಿಡಿಯಪ್ಪಾ,” ಎಂದೆ.

“ಲೇಸರ್ ಮೇಡಂ ಇದು, ಸುಳ್ಳು ಹೇಳಲ್ಲ. ನಿಮ್ಮ ಟೇಪೇ ಎಲ್ಲೋ ಜೋತುಬಿದ್ದಿರ್ಬೇಕು.”

“ಟೇಪು ಜೋತುಬಿದ್ರೆ ಬೆರಳಷ್ಟು ಹೆಚ್ಚು ಬರುತ್ತೆ ಕಣಯ್ಯ, ಆಳುದ್ದ ಬರಲ್ಲ.”

ತೂಬಗೆರೆ ಕಡೆಗೆ ಹೋಗುವ ಹಳೇ ರಸ್ತೆಯಲ್ಲಿ, ಹಳ್ಳವೊಂದರ ಮೇಲೆ ಆ ಸೇತುವೆ ಇದೆ. ಎರಡು ದಡದಲ್ಲೂ ಕಲ್ಲಿನ ಗೋಡೆ, ಗೋಡೆಯಿಂದ ಗೋಡೆಗೆ ಇಟ್ಟಿಗೆಯ ಒಂದೇ ಕಮಾನು, ಕಮಾನಿನ ಬೆನ್ನ ಮೇಲೆ ರಸ್ತೆ. ಕಟ್ಟಿಸಿದವರು ಯಾರು ಎಂದು ಊರಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಬ್ಬೊಬ್ಬ ರಾಜನ ಹೆಸರು ಹೇಳುತ್ತಿದ್ದರು. ಹಳೇ ಸೇತುವೆಗಳನ್ನು ನೋಡಿ, ತಟ್ಟಿ, ಅಳೆದು, ಇದು ಇರಲಿ ಇದು ಬೇಡ ಎಂದು ಬರೆದುಕೊಡುವುದು ನನ್ನ ಕೆಲಸ. ಊರವರ ಬಾಯಲ್ಲಿ ನಾನು ಸೇತುವೆ ಡಾಕ್ಟ್ರಮ್ಮ. ನಾಡಿ ಹಿಡಿಯುವುದಕ್ಕೆ ಮೊದಲೇ ಡಾಕ್ಟ್ರಮ್ಮನಿಗೆ ತಲೆ ತಿರುಗಲು ಶುರುವಾಗಿತ್ತು.

ಮಟಮಟ ಮಧ್ಯಾಹ್ನ ಇಬ್ಬರೂ ಲಂಟಾನ ಪೊದೆ ಸರಿಸಿಕೊಂಡು ಒಂದು ದಡದಿಂದ ಇನ್ನೊಂದಕ್ಕೆ ದಾಟಿ, ಮೂಲೆಯಿಂದ ಮೂಲೆಗೆ ಕರ್ಣ ಅಳೆದೆವು. ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ. ಆಗ ಅರ್ಥವಾಯಿತು. ರಸ್ತೆ ಹಳ್ಳವನ್ನು ನೇರ ಅಡ್ಡಕ್ಕೆ ದಾಟುತ್ತಿರಲಿಲ್ಲ, ಓರೆಯಾಗಿ ದಾಟುತ್ತಿತ್ತು. ಅದಕ್ಕೆ ತಕ್ಕಂತೆ ಸೇತುವೆಯನ್ನೂ ಓರೆಗೇ ಕೂಡಿಸಿದ್ದರು. ಸರ್ವೇಯರ್ ಗೋಡೆಯಿಂದ ಗೋಡೆಗೆ ನೇರ ಅಳೆದಿದ್ದ. ನಾನು ಸೇತುವೆಯ ಮುಖದ ಉದ್ದಕ್ಕೆ, ಅಂದರೆ ರಸ್ತೆ ಹೋಗುವ ದಿಕ್ಕಿಗೆ ಅಳೆದಿದ್ದೆ. ಇಬ್ಬರ ಅಳತೆಯೂ ಸರಿ.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಇರಲಿಲ್ಲ. ಓರೆ ಸೇತುವೆ ನನಗೆ ಹೊಸದಲ್ಲ. ಈಗಿನ ಕಾಂಕ್ರೀಟಿನಲ್ಲಿ ಎಷ್ಟು ಬೇಕಾದರೂ ಓರೆಗೆ ಹಲಗೆ ಹಾಸಬಹುದು. ಆದರೆ ಇಟ್ಟಿಗೆಯ ಕಮಾನನ್ನು ಓರೆಗೆ ಕಟ್ಟಿದ್ದನ್ನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಓದುವಾಗ ಅದರ ಬಗ್ಗೆ ಒಂದು ಪುಟವೋ ಅರ್ಧ ಪುಟವೋ ಇದ್ದ ಹಾಗೆ ನೆನಪು. ಪರೀಕ್ಷೆಗೆ ಬರುವುದಿಲ್ಲವೆಂದು ಮೇಷ್ಟ್ರೇ ಹಾರಿಸಿದ್ದರು.

ಕತ್ತೆತ್ತಿ ಕಮಾನಿನ ಹೊಟ್ಟೆ ನೋಡಿದೆ. ಎದೆ ಧಸಕ್ಕೆಂದಿತು.

ಸಾಮಾನ್ಯವಾಗಿ ಕಮಾನಿನ ಇಟ್ಟಿಗೆ ವರಸೆಗಳು ಗೋಡೆಗೆ ಸಮವಾಗಿ, ನೆಲಕ್ಕೆ ಮಟ್ಟವಾಗಿ ಸಾಲುಸಾಲಾಗಿ ಹೋಗುತ್ತವೆ. ಚಾಪೆ ಬಗ್ಗಿಸಿ ಇಟ್ಟ ಹಾಗೆ. ಇಲ್ಲಿ ಹಾಗಿರಲಿಲ್ಲ. ವರಸೆಗಳೆಲ್ಲ ಒಂದು ಪಕ್ಕಕ್ಕೆ ಇಳಿಜಾರಾಗಿ, ಯಾರೋ ಚಾಪೆಯ ಒಂದು ತುದಿ ಹಿಡಿದು ಜಗ್ಗಿದಂತೆ, ಓರೆಯಾಗಿ ಓಡುತ್ತಿದ್ದವು. ಅಲ್ಲಲ್ಲಿ ಸಂದಿನ ಗಾರೆ ಉದುರಿತ್ತು. ಅದರ ಕೆಳಗೆ, ಎರಡೂ ಗೋಡೆಗಳ ಮೇಲೆ ಕೈ ಎಟುಕುವ ಎತ್ತರದವರೆಗೆ ದಪ್ಪನಾಗಿ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಅಡ್ಡ ಪಟ್ಟೆಗಳನ್ನು ಎಳೆದಿದ್ದರು. ಪಟ್ಟೆಗಳು ಕಣ್ಣಿಗೆ ಹೊಡೆಯುವಷ್ಟು ನೆಟ್ಟಗಿದ್ದವು. ಆ ನೆಟ್ಟನೆಯ ಕೆಂಪು ಗೆರೆಯ ಮೇಲೆ ಇಟ್ಟಿಗೆ ಜಾರಿಕೊಂಡು ಹೋಗುತ್ತಿರುವುದು ಎದ್ದು ಕಾಣುತ್ತಿತ್ತು.

“ಅಯ್ಯೋ ದೇವುಡಾ,” ಎಂದ ಸರ್ವೇಯರ್. ಹೊಸಕೋಟೆಯವನು. ಗಾಬರಿಯಾದರೆ ಮನೆಮಾತಿನ ತೆಲುಗು ಬಂದುಬಿಡುತ್ತದೆ. “ಇಡೀ ಕಮಾನೇ ತಿರುಚ್ಕೊಂಡ್ಬಿಟ್ಟೈತಲ್ಲ ಮೇಡಂ. ಆಚೆ ಬನ್ನಿ, ಮೊದ್ಲು ಆಚೆ ಬನ್ನಿ!”

ಒಂದು ಕಡೆ ಮಾತ್ರ ಕಣ್ಣಿಗೆ ತಂಪು. ಹಳ್ಳ ಇಳಿದು ಹೋಗುವ ಕಡೆಯ ಮುಖದ ಮೂಲೆಯಲ್ಲಿ ಒಂದು ಎತ್ತಿನಗಾಡಿಯಷ್ಟು ಅಗಲದ ಜಾಗದಲ್ಲಿ ಇಟ್ಟಿಗೆಗಳು ಸರಿಯಾಗಿ, ಮಟ್ಟವಾಗಿ, ಕೆಮ್ಮಣ್ಣಿನ ಪಟ್ಟೆಗೆ ಸಮಾನಾಂತರವಾಗಿ ಕೂತಿದ್ದವು. ಮಿಕ್ಕದ್ದೆಲ್ಲ ಜಾರಿದೆ, ಇಷ್ಟು ಮಾತ್ರ ಉಳಿದುಕೊಂಡಿದೆ ಎಂದು ಇಬ್ಬರೂ ತೀರ್ಮಾನಿಸಿದೆವು.

“ಯಾಕವ್ವಾ, ಸೇತ್ವೆ ಮಕ ನೋಡಿ ಮಂಕಾಗಿ ನಿಂತ್ಕಂಡ್ರಿ?”

ದಡದ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆಯ ಮೇಲಿಟ್ಟುಕೊಂಡು ಒಬ್ಬ ಅಜ್ಜಿ ನಿಂತಿದ್ದರು. ಸೇತುವೆಗೆ ಅಂಟಿಕೊಂಡ ಹಿಪ್ಪುನೇರಳೆ ತೋಟ ಅವರದ್ದು. ಕಮಾನಿನ ಕೆಳಗೆ ಗೋಡೆಯ ಬುಡದಲ್ಲಿ ಕುಂಕುಮ ಮೆತ್ತಿದ ಒಂದು ಕಲ್ಲು ಇತ್ತು. ಅದೇ ಮುನೇಶ್ವರ, ಊರವರ ಬಾಯಲ್ಲಿ ಮುನಿಯಪ್ಪ. ಅವನಿಗೆ ಪೂಜೆ ಮಾಡುವ ಮನೆಯೂ ಅವರದ್ದೇ. ಪ್ರತಿ ವರ್ಷ ಯುಗಾದಿಯ ಹಿಂದಿನ ವಾರ ಅವರ ಮನೆಯ ಹೆಂಗಸರು ಬಂದು, ಕೈ ಎಟುಕುವವರೆಗೆ ಗೋಡೆಗೆ ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆಯಬೇಕು. ಹಳೇ ಸುಣ್ಣವನ್ನು ಕೆರೆಯುವಂತಿಲ್ಲ. ಅದು ಅತ್ತೆಯ ಕೈಯಿನದು, ಅತ್ತೆಯ ಅತ್ತೆಯ ಕೈಯಿನದು. ಅದರ ಮೇಲೆ ಹೊಸದು ಬಳಿಯಬೇಕು.

“ನೂಲು ಹಿಡ್ದು ಎಳೀತೀವಿ ಕಣವ್ವ ಪಟ್ಟೇನ,” ಎಂದರು, ಹೆಮ್ಮೆಯಿಂದ. “ಒಂದು ಬೆಳ್ಳೂ ಅತ್ತಿತ್ತ ಹೋಗಾಕಿಲ್ಲ.”

ಅಜ್ಜಿಗೆ ಒಂದು ವಿಷಯ ಆಗಲೇ ಗೊತ್ತಿತ್ತು. ಸೇತುವೆ ಕೆಡವಿದರೆ ಖರ್ಚು ಕಡಿಮೆಯೆಂದು ಹೊಸದನ್ನು ಹಳ್ಳಕ್ಕೆ ನೇರ ಅಡ್ಡ ಕಟ್ಟುತ್ತಾರೆ. ಆಗ ರಸ್ತೆಯನ್ನು ಬಳಸಿ ತರಬೇಕು. ಬಳಸಿ ಬರುವ ರಸ್ತೆ ಅವರ ತೋಟದ ನಡುವೆಯೇ ಹೋಗುತ್ತದೆ. ಇಲಾಖೆಯವರು ಗೂಟ ಕೂಡ ಹೊಡೆದು ಹೋಗಿದ್ದರು. ಇನ್ನು ನನ್ನ ಹತ್ತಿರ ತೋಟದ ಗೋಳು ತೋಡಿಕೊಳ್ಳುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ತೋಟದ ಸುದ್ದಿಯನ್ನೇ ಎತ್ತಲಿಲ್ಲ.

“ನನ್ ಮೊಮ್ಮಗಳು ಇಸ್ಕೂಲ್ ವ್ಯಾನಲ್ಲಿ ದಿನಾ ಇದರ ಮ್ಯಾಲೇ ಹೋಗ್ತಾಳೆ,” ಎಂದರು. “ಬೀಳೋದಾದ್ರೆ ಬೀಳ್ತದೆ ಅನ್ನು. ತೋಟ ಹೋದ್ರೆ ಹೋಗ್ಲಿ. ನಿಲ್ಲೋದಾದ್ರೆ ನಿಲ್ತದೆ ಅನ್ನು. ನನ್ ಮಕ ನೋಡ್ಬ್ಯಾಡ, ಅದರ ಮಕ ನೋಡಿ ಹೇಳು.”

ಅದರ ಮುಖ ನೋಡಿಯೇ ನಾನು ಏನೂ ತಿಳಿಯದೆ ನಿಂತಿದ್ದೆ.

ಫೋಟೋ ನೋಡಿದ ನಮ್ಮ ಸಾಹೇಬರು ಫೋನಿನಲ್ಲಿ ಒಂದೇ ಮಾತಿಗೆ ಮುಗಿಸಿದರು. “ಕಣ್ಣಿಗೇ ಕಾಣ್ತಿದೆಯಲ್ಲಮ್ಮ ಜಾರಿರೋದು. ಕೆಡವಿ ಅಂತ ಬರೀರಿ.” ಆದರೂ ಅದು ಎಂದೋ ಜಾರಿ ನಿಂತಿದೆಯೋ ಈಗಲೂ ಜಾರುತ್ತಿದೆಯೋ ಗೊತ್ತಾಗಬೇಕಲ್ಲ ಎಂದು ಕಾಲಾವಕಾಶ ಕೇಳಿದೆ. ಅದಕ್ಕೊಂದು ಹಳೇ ಉಪಾಯವಿದೆ. ಬಿಟ್ಟ ಸಂದಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಗಟ್ಟಿ ಅಂಟು ಹಾಕುವುದು. ಇಟ್ಟಿಗೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಬಿರಿಯುತ್ತದೆ. ಏಣಿ ಹತ್ತಿ ಓರೆ ವರಸೆಗಳ ಉದ್ದಕ್ಕೂ ಪಟ್ಟಿ ಅಂಟಿಸಿದೆವು. ಹೋಲಿಸಿ ನೋಡಲು ಇರಲಿ ಎಂದು ಆ ಮಟ್ಟಸವಾದ ಮೂಲೆಯಲ್ಲೂ ಒಂದನ್ನು ಅಂಟಿಸಿದೆವು. ಅಲ್ಲೊಂದು ಸಣ್ಣ ಬಿರುಕು ಇತ್ತು, ನಾವೇನೂ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ.

ಕೆಲವು ವಾರ ಬಿಟ್ಟು ಹೋದೆವು. ಓರೆ ವರಸೆಯ ಮೇಲಿನ ಗಾಜುಗಳೆಲ್ಲ ಮದುವೆ ಮನೆಯ ಬಳೆಗಳ ಹಾಗೆ ಫಳಫಳ ಹೊಳೆಯುತ್ತಿದ್ದವು. ಒಂದೂ ಒಡೆದಿರಲಿಲ್ಲ. ಮಟ್ಟಸವಾದ ಮೂಲೆಯದು ಮಾತ್ರ ನಡುಮಧ್ಯೆ ಬಿರಿದಿತ್ತು.

“ಅದಲು ಬದಲು ಅಂಟಿಸಿದ್ದೀಯೇನಯ್ಯ?”

“ಗಾಜಿಗೆ ಅದಲು ಬದಲು ಏನ್ ಮೇಡಂ? ಎಲ್ಲಾ ಒಂದೇ ಗಾಜು!” ಸರ್ವೇಯರ್ ರೇಗಿದ. ಆಮೇಲೆ ತಾನೇ ಮೆತ್ತಗಾಗಿ, “ಯಾರೋ ಕಲ್ಲು ಹೊಡ್ದಿರ್ಬೇಕು,” ಎಂದ.

ಅದನ್ನು ಕೇಳಿಸಿಕೊಂಡ ಅಜ್ಜಿಗೆ ಕೋಪ ಬಂತು. “ಮುನಿಯಪ್ಪನ ತಾವ ಯಾವನಪ್ಪ ಕಲ್ಲು ಹೊಡೆಯೋನು? ಕಲ್ಲು ಹೊಡ್ದವನ ಕೈ ನೆಟ್ಟಗಿರ್ತದಾ?”

ಗಾಜು ಬದಲಿಸಿದೆವು. ಅಂಟು ಒಣಗುವವರೆಗೆ ನಾನೇ ಕಾದು ಕೂತಿದ್ದೆ. ಮುಂದಿನ ಭೇಟಿಗೆ ಅದೂ ಬಿರಿದಿತ್ತು, ಅದೇ ಜಾಗದಲ್ಲಿ. ಉಳಿದವು ಹಾಗೇ ಇದ್ದವು.

ನನ್ನನ್ನು ಬೆಳೆಸಿದ್ದು ದೊಡ್ಡಬೆಳವಂಗಲದ ನಮ್ಮಜ್ಜಿ. ಯಾವುದಾದರೂ ವಿಷಯ ಬಗೆಹರಿಯದಿದ್ದಾಗ ಅವರು ‘ತಲೆಯೊಳಗೆ ಮಜ್ಜಿಗೆ ಕಡೆದಂಗಾಗ್ತದೆ, ಬೆಣ್ಣೆ ಮಾತ್ರ ಬರಾಕಿಲ್ಲ’ ಎನ್ನುತ್ತಿದ್ದರು. ಆ ದಿನ ನನ್ನ ತಲೆಯಲ್ಲಿ ಸರಿಯಾಗಿ ಅದೇ ನಡೆದಿತ್ತು. ಜಾರಿದಂತೆ ಕಾಣುವುದು ಅಲುಗುತ್ತಿಲ್ಲ. ನೆಟ್ಟಗೆ ಕೂತಿರುವುದು ಅಲುಗುತ್ತಿದೆ. ಕಣ್ಣನ್ನು ನಂಬಿದರೆ ಗಾಜು ಸುಳ್ಳು, ಗಾಜನ್ನು ನಂಬಿದರೆ ಕಣ್ಣು ಸುಳ್ಳು.

ಸಾಹೇಬರ ಫೋನು ಬಂತು. “ಸೋಮವಾರ ವರದಿ ಹೋಗ್ಬೇಕು. ನೋಡಮ್ಮ, ಕೆಡವಿ ಅಂತ ಬರೆದ್ರೆ ಯಾರೂ ನಿಮ್ಮನ್ನ ಬೈಯಲ್ಲ. ಇರಲಿ ಅಂತ ಬರೆದು ಅದು ಬಿದ್ರೆ?”

“ಸರ್, ಏನು ನಡೀತಿದೆ ಅಂತಾನೇ ನನಗೆ ಅರ್ಥ ಆಗ್ತಿಲ್ಲ.”

“ಅರ್ಥ ಆಗದೇ ಇದ್ದಾಗ ಕೆಡವಿ ಅಂತ ಬರೆಯೋದೇ ಕ್ಷೇಮ.”

ಅವರು ಕೆಟ್ಟವರಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ.

ಫೋನಿಟ್ಟು ತಿರುಗಿದರೆ ಅಜ್ಜಿ. “ನಾಳೆ ಮಗೀನ ವ್ಯಾನು ಹತ್ತಿಸ್ಲಾ, ಬ್ಯಾಡ್ವಾ? ಅಷ್ಟು ಹೇಳು.”

ಅದಕ್ಕಾದರೂ ಉತ್ತರ ಕೊಡಬೇಕಿತ್ತು. ಒಂದು ಗಾಜು ಎರಡು ಸಲ ಬಿರಿದಿದೆ, ಕಾರಣ ಗೊತ್ತಿಲ್ಲ. ಅಷ್ಟೇ ನನ್ನ ಕೈಯಲ್ಲಿದ್ದ ಸತ್ಯ. ಇಲಾಖೆಯವರಿಗೆ ಫೋನ್ ಮಾಡಿ, ಆ ಮೂಲೆಯ ಮೇಲೆ ರಸ್ತೆಯಲ್ಲಿ ಡ್ರಮ್ಮುಗಳನ್ನಿಡಿಸಿ, ಲಾರಿ ಟ್ರ್ಯಾಕ್ಟರುಗಳನ್ನು ನಿಲ್ಲಿಸಿದೆ. ಮಕ್ಕಳು ವ್ಯಾನಿನಿಂದಿಳಿದು ಡ್ರಮ್ಮಿನ ಈಚೆ ಬದಿಯಲ್ಲಿ ನಡೆದು ದಾಟಲಿ, ವ್ಯಾನು ಖಾಲಿ ಬರಲಿ ಎಂದೆ.

“ಮಕ್ಳು ನಡ್ಕೊಂಡ್ ಹೋಗ್ಲಿ, ನಾನೊಬ್ನೇ ವ್ಯಾನ್ ಸಮೇತ ಬಿದ್ದು ಸಾಯ್ಲಾ ಮೇಡಂ?” ಎಂದ ವ್ಯಾನಿನ ಚಾಲಕ. ಸುತ್ತ ನಿಂತವರೆಲ್ಲ ನಕ್ಕರು. ದ್ರಾಕ್ಷಿ ತುಂಬಿದ ಟ್ರ್ಯಾಕ್ಟರನ್ನು ಬಳಸುದಾರಿಗೆ ತಿರುಗಿಸಬೇಕಾಗಿ ಬಂದವರು ಮಾತ್ರ ನಗಲಿಲ್ಲ. “ಆ ಅಜ್ಜಿ ತೋಟ ಉಳಿಸ್ಕೊಳ್ಳೋಕೆ ಈ ಮೇಡಮ್ಮನ್ನ ಕರ್ಕೊಂಡ್ಬಂದು ನಾಟ್ಕ ಆಡಿಸ್ತಾವ್ಳೆ” ಎಂಬ ಮಾತೂ ಹುಟ್ಟಿತು. ಅಜ್ಜಿ ಕೇಳಿಸಿಕೊಂಡೂ ಕೇಳಿಸದವರ ಹಾಗೆ ಸೊಪ್ಪು ಕೊಯ್ಯುತ್ತಿದ್ದರು.

ಕಾರಿನ ಡಿಕ್ಕಿ ತೆರೆದು ಅದರ ಅಂಚಿಗೆ ಕೂತೆ. ಊಟದ ಡಬ್ಬಿ ಸುತ್ತಿದ್ದ ಪೇಪರು, ದೊಡ್ಡ ನೀರಿನ ಕ್ಯಾನು ಅಲ್ಲೇ ಬಿದ್ದಿದ್ದವು. ಕ್ಯಾನನ್ನು ಅಡ್ಡ ಮಲಗಿಸಿದೆ. ಅರ್ಧ ಕ್ಯಾನು ಅಂದರೆ ಕಮಾನು. ಪೇಪರನ್ನು ಅದರ ಮೇಲೆ ಹೊದಿಸಿದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಸೇತುವೆ ಓರೆಯಾಗಿದ್ದು ವರಸೆಗಳನ್ನು ಮಾಮೂಲಿನಂತೆ ಮಟ್ಟವಾಗಿ ಇಟ್ಟಿದ್ದರೆ ಏನಾಗುತ್ತಿತ್ತು?

ಪೇಪರಿನ ಎರಡು ಅಂಚುಗಳನ್ನು ಸೇತುವೆಯ ಮುಖಗಳಂತೆ ಓರೆಯಾಗಿ ಕತ್ತರಿಸಿ, ಕ್ಯಾನಿನ ಉದ್ದಕ್ಕೆ ನೇರ ಗೆರೆ ಎಳೆದೆ. ನಡುವಿನಲ್ಲಿ ತಕರಾರಿಲ್ಲ. ಅಲ್ಲಿನ ಇಟ್ಟಿಗೆ ಒಂದು ಗೋಡೆಯಿಂದ ಬಾಗಿ ಹೋಗಿ ಎದುರು ಗೋಡೆಗೆ ಒರಗುತ್ತದೆ. ಆದರೆ ಮೂಲೆಯಲ್ಲಿ? ಅಲ್ಲಿಂದ ನೇರ ಎದುರಿಗೆ ಬೆರಳಿಟ್ಟುಕೊಂಡು ಹೋದರೆ ಪೇಪರೇ ಮುಗಿದುಹೋಗುತ್ತಿತ್ತು. ಎದುರಿಗೆ ಗೋಡೆಯಿಲ್ಲ, ಗಾಳಿ. ಮೂಲೆಯ ಇಟ್ಟಿಗೆ ತನ್ನ ಭಾರವನ್ನು ಯಾರ ಹೆಗಲಿಗೆ ಹಾಕಬೇಕು?

ಪೇಪರು ತಿರುಗಿಸಿದೆ. ಈ ಸಲ ಗೆರೆಗಳನ್ನು ಕತ್ತರಿಸಿದ ಓರೆ ಅಂಚಿಗೆ ಮೂಲೆಮಟ್ಟ ಇಟ್ಟು ಲಂಬವಾಗಿ ಎಳೆದು, ಕ್ಯಾನಿನ ಮೇಲೆ ಬಗ್ಗಿಸಿದೆ. ಗೆರೆಗಳು ಓರೆಯಾಗಿ ಸುತ್ತಿಕೊಂಡು ಏರಿ ಇಳಿದವು. ವರಸೆಯೊಂದು ತನ್ನ ಭಾರವನ್ನು ತನಗೆ ನೇರ ಅಡ್ಡಕ್ಕೆ, ಪಕ್ಕದ ವರಸೆಯ ಮೇಲೆ ತಳ್ಳುತ್ತದೆ. ಈಗ ಮೂಲೆಯಿಂದ ಹೊರಟ ತಳ್ಳು ರಸ್ತೆಯ ದಿಕ್ಕು ಹಿಡಿದು ಹೋಗಿ ಎದುರು ಗೋಡೆಯನ್ನೇ ಮುಟ್ಟುತ್ತಿತ್ತು. ನೋಡಲು ಥೇಟು ಆ ಕಮಾನಿನ ಹೊಟ್ಟೆ.

“ಲೋ, ಬಾರೋ ಇಲ್ಲಿ!” ಎಂದು ಕಿರುಚಿದೆ. ಕೆಲಸದ ಜಾಗದಲ್ಲಿ ಸರ್ವೇಯರನನ್ನು ‘ಲೋ’ ಎಂದದ್ದು ಅದೇ ಮೊದಲು.

ಅವನು ಪೇಪರನ್ನು ಅತ್ತಿತ್ತ ತಿರುಗಿಸಿ ನೋಡಿದ. “ಅಂದ್ರೆ ಜಾರಿಲ್ಲ. ಬೇಕಂತಲೇ ಹಂಗೆ ಕಟ್ಟವ್ರೆ ಅಂತೀರಾ? ಚೆನ್ನಾಗೈತೆ ಮೇಡಂ. ಆದ್ರೆ ಇದು ಪೇಪರ್ರು. ಸಾಹೇಬ್ರು ಸಾಕ್ಷಿ ಕೇಳ್ತಾರೆ.”

ಸರಿಯಾದ ಮಾತು. ಬೇಕೆಂದೇ ಓರೆಗೆ ಕಟ್ಟಿದ್ದರೆ, ಕಮಾನು ಹುಟ್ಟುವ ಜಾಗದ ಕಲ್ಲುಗಳ ತಲೆಯನ್ನೂ ಓರೆಗೇ ಕಡಿದಿರಬೇಕು, ಗರಗಸದ ಹಲ್ಲಿನ ಹಾಗೆ, ಒಂದೊಂದು ಹಲ್ಲಿಗೂ ವರಸೆಗಳು ಬಂದು ಕೂರುವಂತೆ. ಜಾರಿ ಓರೆಯಾಗಿದ್ದರೆ ಕಲ್ಲಿನ ತಲೆ ಮಟ್ಟವಾಗಿರುತ್ತದೆ. ಕಲ್ಲು ನೋಡಿದರೆ ಮುಗಿಯಿತು. ಆದರೆ ಕಮಾನು ಹುಟ್ಟುವ ಆ ಜಾಗ ಸುಣ್ಣದೊಳಗಿತ್ತು. ಅತ್ತೆಯ ಅತ್ತೆಯ ಕೈಯಿನ ಸುಣ್ಣ.

ಅಜ್ಜಿಯ ಮನೆಯ ಜಗಲಿಯ ಮೇಲೆ ಕೂತು ಕೇಳಿದೆ. ಹುಳುಮನೆಯಿಂದ ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು ತುಂತುರು ಮಳೆಯ ಹಾಗೆ ಬರುತ್ತಿತ್ತು.

“ಕೆರೆಯೋದಾ?” ಎಂದರು. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. “ಕೆರೆದ್ರೆ ಗೊತ್ತಾಗ್ತದಾ?”

“ಗೊತ್ತಾಗುತ್ತೆ ಅಜ್ಜಿ. ಆದ್ರೆ ಏನು ಗೊತ್ತಾಗುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ. ಕೆಡವಲೇಬೇಕು ಅಂತಾನೂ ಗೊತ್ತಾಗ್ಬಹುದು.”

ಅವರು ಒಳಗೆ ಹೋದರು. ಬೇಡವೆನ್ನಲಾರದೆ ಎದ್ದು ಹೋದರೇನೋ ಎಂದುಕೊಂಡೆ. ಅರಿಶಿನ ಕುಂಕುಮ, ಒಂದು ತೆಂಗಿನಕಾಯಿ, ಹಳೇ ಕುಡುಗೋಲು ಹಿಡಿದುಕೊಂಡು ಬಂದರು. “ಮೊದ್ಲ ಕೆರೆತ ನಂದಿರ್ಲಿ. ಮುನಿಯಪ್ಪ ಕೇಳಿದ್ರೆ ನಾನು ಜವಾಬು ಹೇಳ್ಕತೀನಿ. ನಿಮ್ ಕೈಲಿ ಅವನಿಗೆ ಜವಾಬು ಹೇಳಾಕಾಗಾಕಿಲ್ಲ.”

ಕಮಾನಿನಡಿಗೆ ಬಂದು ಕಾಯಿ ಒಡೆದು, ಕುಡುಗೋಲಿನ ತುದಿಯಿಂದ ಸುಣ್ಣ ಕೆರೆದರು. ಆಮೇಲೆ ನಾವು ಕರೆಸಿದ್ದ ಗಾರೆ ಮೇಸ್ತ್ರಿ ಶುರು ಮಾಡಿದ. ಸುಣ್ಣ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತು. ಪ್ರತಿ ಪದರದಲ್ಲೂ ಒಂದು ಕೆಂಪು ಗೆರೆ, ಅದರಡಿ ಬಿಳಿ, ಮತ್ತೆ ಕೆಂಪು. ಕೊನೆಗೆ ಕಲ್ಲು ಕಂಡಿತು. ಕಲ್ಲಿನ ಮೇಲಂಚು ಮಟ್ಟವಾಗಿತ್ತು. ಮೇಸ್ತ್ರಿ ರಸಮಟ್ಟ ಇಟ್ಟ. ಗುಳ್ಳೆ ಸರಿಯಾಗಿ ನಡುವಿನಲ್ಲಿ ನಿಂತಿತು.

ನನ್ನ ಪೇಪರು, ನನ್ನ ಕ್ಯಾನು, ನನ್ನ ಕಿರುಚಾಟ ಎಲ್ಲವೂ ಒಂದು ಗುಳ್ಳೆಯಲ್ಲಿ ಮುಗಿದ ಹಾಗಾಯಿತು. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ತೋಟ ಕಂಡಿದ್ದು ಅದೊಂದೇ ಕ್ಷಣ.

“ಬಿಡ್ಲಾ ಮೇಡಂ?” ಎಂದ ಮೇಸ್ತ್ರಿ.

ಬಿಡು ಎನ್ನಲು ಬಾಯಿ ತೆರೆದವಳು ಕಮಾನಿನ ಬಾಗು ಎಲ್ಲಿಂದ ಶುರುವಾಗುತ್ತದೆ ಎಂದು ಇನ್ನೊಮ್ಮೆ ಕಣ್ಣಾಡಿಸಿದೆ. ನಾವು ಕೆರೆದದ್ದು ಗೋಡೆಯ ಕೊನೆಯ ಸಾಲಿನವರೆಗೆ. ಬಾಗು ಅದರ ಮೇಲಿನ ಸಾಲಿನಿಂದ ಶುರುವಾಗುತ್ತಿತ್ತು. “ಇನ್ನೊಂದು ಗೇಣು ಮೇಲಕ್ಕೆ,” ಎಂದೆ. ನನ್ನ ಧ್ವನಿ ನನಗೇ ನಂಬಿಕೆ ಬರುವಂತಿರಲಿಲ್ಲ.

ಒಂದು ಗೇಣು ಮೇಲಕ್ಕೆ ಹೋದದ್ದೇ ತಡ, ಉಳಿ ಸರ್ರನೆ ಓರೆಗೆ ಜಾರಿತು. ಕಲ್ಲಿನ ತಲೆ ಓರೆಯಾಗಿತ್ತು. ಅದರ ಪಕ್ಕ ಇನ್ನೊಂದು ಓರೆ. ಕೆರೆಯುತ್ತಾ ಹೋದಂತೆ ಹಲ್ಲಿನ ಸಾಲು. ಅಂಚುಗಳು ಮೊನ್ನೆ ಕಡಿದಂತೆ ಚೂಪಾಗಿದ್ದವು. ಒಂದೊಂದು ಹಲ್ಲಿನ ಮೇಲೂ ಇಟ್ಟಿಗೆ ವರಸೆ ಹಾಸಿಗೆಗೆ ತಲೆದಿಂಬು ಸಿಕ್ಕವರ ಹಾಗೆ ಬಂದು ಒರಗಿತ್ತು. ಎದುರು ಗೋಡೆ ಕೆರೆದೆವು, ಅಲ್ಲೂ ಹಲ್ಲು, ವಿರುದ್ಧ ದಿಕ್ಕಿಗೆ.

“ಯಾವನೋ ಚೆನ್ನಾಗಿ ಕುಡ್ಕೊಂಡು ಕಟ್ಟವ್ನೆ,” ಎಂದ ಮೇಸ್ತ್ರಿ, ಬೆವರೊರೆಸಿಕೊಳ್ಳುತ್ತಾ. “ನಾನಾಗಿದ್ರೆ ಮಟ್ಟವಾಗೇ ಇಡ್ತಿದ್ದೆ.”

ಆ ಮಾತು ಕಿವಿಗೆ ಬಿದ್ದದ್ದೇ ನಾನು ಮಟ್ಟಸವಾದ ಮೂಲೆಯ ಕಡೆಗೆ ನೋಡಿದೆ. ಸರ್ವೇಯರನೂ ನೋಡಿದ.

ಅಲ್ಲಿ ಕೆರೆಸಿದಾಗ ಸುಣ್ಣ ಅಷ್ಟು ದಪ್ಪಗಿರಲಿಲ್ಲ. ಕೆಳಗೆ ಅದೇ ಹಲ್ಲಿನ ಕಲ್ಲುಗಳಿದ್ದವು. ಆದರೆ ಮೇಲಿನ ಇಟ್ಟಿಗೆಗಳು ಹಲ್ಲಿಗೆ ಒರಗಿರಲಿಲ್ಲ. ಹಲ್ಲುಗಳ ನಡುವಿನ ಸಂದಿಗೆ ಸಿಮೆಂಟು ತುರುಕಿ, ನೆಲ ಮಟ್ಟ ಮಾಡಿಕೊಂಡು, ಅದರ ಮೇಲೆ ಅಚ್ಚುಕಟ್ಟಾಗಿ ನೇರ ವರಸೆ ಇಟ್ಟಿದ್ದರು. ಉಳಿದ ಕಡೆ ಸುಣ್ಣದ ಗಾರೆ, ಇಲ್ಲಿ ಮಾತ್ರ ಸಿಮೆಂಟು. ಯಾವಾಗಲೋ ಆ ಮೂಲೆಯ ಇಟ್ಟಿಗೆ ಉದುರಿದೆ. ರಿಪೇರಿಗೆ ಬಂದವರು ನಮ್ಮ ಹಾಗೇ ಕತ್ತೆತ್ತಿ ನೋಡಿದ್ದಾರೆ, ನಮ್ಮ ಹಾಗೇ ಗಾಬರಿಯಾಗಿದ್ದಾರೆ, ಮೊದಲು ಕಟ್ಟಿದವರ ತಪ್ಪನ್ನು ತಾವಾದರೂ ತಿದ್ದೋಣವೆಂದು ನೆಟ್ಟಗೆ ಕಟ್ಟಿ ಹೋಗಿದ್ದಾರೆ. ಎದುರಿಗೆ ಒರಗಲು ಗೋಡೆಯಿಲ್ಲದ ಆ ತುಂಡು ಅಂದಿನಿಂದ ಹೊರಗಿನ ಗಾಳಿಗೆ ಒರಗುತ್ತಾ, ಕೂದಲೆಳೆ ಕೂದಲೆಳೆಯಾಗಿ ಮುಂದೆ ಬರುತ್ತಿತ್ತು.

ಸಾಹೇಬರಿಗೆ ಫೋನ್ ಮಾಡಿದೆ. ನಾನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಹೇಳುವಾಗ ನನಗೇ ಗೊಂದಲವಾಯಿತು. “ನೀವೇ ಬಂದು ನೋಡಿ ಸರ್. ಬರೋವರೆಗೂ ಕೆಡವಿ ಅಂತ ನಾನು ಬರೆಯಲ್ಲ,” ಎಂದುಬಿಟ್ಟೆ.

ಅವರು ಬಂದರು. ಏಣಿ ಹತ್ತಿ, ಹಲ್ಲುಗಳ ಮೇಲೆ ಕೈಯಾಡಿಸಿ, ಬಿರಿದ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಇಳಿದು ಕನ್ನಡಕ ಒರೆಸಿಕೊಂಡರು.

“ಇನ್ನೂ ಜಾರಿದ ಹಾಗೇ ಕಾಣ್ತಿದೆಯಲ್ಲಮ್ಮ,” ಎಂದರು.

“ನನಗೂ ಹಾಗೇ ಕಾಣುತ್ತೆ ಸರ್.”

“ಹೂಂ. ಹಾಗಾದ್ರೆ ಮೂಲೆಯೊಂದನ್ನ ಬಿಚ್ಚಿ ಕಟ್ಟಿಸೋಣ ಅಂತ ಬರೀರಿ. ಕೆಳಗೆ ನನ್ನ ಸಹೀನೂ ಇರಲಿ.”

ಕಟ್ಟಿಸುವುದು ಬರೆದಷ್ಟು ಸುಲಭವಾಗಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಮಾನಿನಡಿಗೆ ಮರದ ಸೆಂಟ್ರಿಂಗ್ ನಿಲ್ಲಿಸಿ, ಮೂಲೆಯನ್ನು ಬಿಚ್ಚಿ, ಸಿಮೆಂಟನ್ನು ಹಲ್ಲಿಗೆ ಪೆಟ್ಟಾಗದಂತೆ ಚಿಪ್ಪುಚಿಪ್ಪಾಗಿ ತೆಗೆಸಿದೆವು. ಹಲಗೆಯ ಮೇಲೆ ಪ್ರತಿ ವರಸೆಗೂ ಗೆರೆ ಎಳೆದುಕೊಟ್ಟೆ. ಮೇಸ್ತ್ರಿಗೆ ರಸಮಟ್ಟ ಬಿಟ್ಟಿರಲು ಆಗದು. ಅಭ್ಯಾಸಬಲದಿಂದ ಇಟ್ಟಿಗೆಯ ಮೇಲೆ ಇಡುವುದು, ಗುಳ್ಳೆ ಮೂಲೆಗೋಡುವುದು, ತಾನೇ ನಾಲಗೆ ಕಚ್ಚಿಕೊಳ್ಳುವುದು. ಕೊನೆಗೆ ಅದನ್ನು ಅಜ್ಜಿಯ ಕೈಗೆ ಕೊಟ್ಟು, “ಕೆಲ್ಸ ಮುಗಿಯೋಗಂಟ ಇದನ್ನ ಮನೇಲಿಡಮ್ಮೋ, ನನ್ ಕಣ್ಣಿಗೆ ಬೀಳ್ಬಾರ್ದು,” ಎಂದ. ನನಗೂ ಎಷ್ಟೋ ಸಲ ಅನುಮಾನ ಬಂದು, ಓಡಿ ಹೋಗಿ ಕ್ಯಾನಿನ ಮೇಲೆ ಪೇಪರು ಹೊದಿಸಿ ನೋಡಿಕೊಂಡು ಬರುತ್ತಿದ್ದೆ. ಪೇಪರಿನಲ್ಲಿ ಅರ್ಥವಾದದ್ದು ಕಮಾನಿನಡಿ ನಿಂತ ಕೂಡಲೇ ಕರಗಿಹೋಗುತ್ತಿತ್ತು.

ಗಾರೆ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಇಳಿಸಿ, ಮೂಲೆಗೆ ಹೊಸ ಗಾಜು ಅಂಟಿಸಿದೆವು. ಡ್ರಮ್ಮು ತೆಗೆಸಿ, ಮೊದಲು ಖಾಲಿ ಟ್ರ್ಯಾಕ್ಟರು, ಆಮೇಲೆ ತುಂಬಿದ್ದು ಓಡಿಸಿದೆವು. ಕೆಲವು ವಾರ ಬಿಟ್ಟು ನೋಡಿದರೆ ಗಾಜು ಇಡಿಯಾಗಿತ್ತು. ನಾನು ತೋಟದ ಬದುವಿನವರೆಗೆ ನಡೆದುಹೋಗಿ ಅಜ್ಜಿಗೆ, “ವ್ಯಾನು ಹತ್ತಿಸಿ,” ಎಂದೆ. ಅವರು ತಲೆಯಾಡಿಸಿ, ಬದುವಿನಲ್ಲಿ ಹೊಡೆದಿದ್ದ ಗೂಟವನ್ನು ಕಿತ್ತು ಸೊಪ್ಪಿನ ಹೊರೆಯೊಳಗೆ ಸೇರಿಸಿಕೊಂಡರು. ನೀರೊಲೆಗೆ ಆಗುತ್ತದೆ ಎಂದರು.

ಒಂದು ಮಾತು ಮಾತ್ರ ನನ್ನ ಗಂಟಲಲ್ಲೇ ಉಳಿದಿತ್ತು. ಯುಗಾದಿ ಬರುತ್ತದೆ, ಅವರು ಮತ್ತೆ ಸುಣ್ಣ ಬಳಿಯುತ್ತಾರೆ, ಹಲ್ಲು ಮತ್ತೆ ಮುಚ್ಚಿಹೋಗುತ್ತದೆ, ನೂಲು ಹಿಡಿದು ನೆಟ್ಟಗೆ ಪಟ್ಟೆ ಎಳೆಯುತ್ತಾರೆ. ಮುಂದೆ ಯಾರೋ ಒಬ್ಬ ಡಾಕ್ಟ್ರಮ್ಮ ಬಂದು ಕತ್ತೆತ್ತಿ ನೋಡಿ ಎದೆ ಧಸಕ್ಕೆಂದು, ಸಾಹೇಬರಿಗೆ ಫೋಟೋ ಕಳಿಸುತ್ತಾಳೆ. ಬಳಿಯಬೇಡಿ ಎನ್ನಲು ನಾನು ಯಾರು? ಕೆರೆಯಲು ಬಿಟ್ಟದ್ದೇ ಹೆಚ್ಚು. ಹೇಳದೆ ಬಂದುಬಿಟ್ಟೆ.

ಯುಗಾದಿಯ ಹಿಂದಿನ ವಾರ ಅಜ್ಜಿ ಫೋನ್ ಮಾಡಿಸಿ ಊಟಕ್ಕೆ ಕರೆದರು. ಸರ್ವೇಯರನೂ ನಾನೂ ಹೋದೆವು. ಅಷ್ಟರಲ್ಲಿ ಸುಣ್ಣ ಬಳಿದು ಮುಗಿದಿತ್ತು. ಹಸಿ ಸುಣ್ಣದ ವಾಸನೆ ಹಳ್ಳದ ತುಂಬ. ಕಮಾನಿನಡಿಗೆ ಇಳಿದವಳು ಹಾಗೇ ನಿಂತೆ.

ಹಲ್ಲುಗಳ ಸಂದುಸಂದಿಗೂ ಸುಣ್ಣ ತೆಳ್ಳಗೆ ಕೂತಿತ್ತು, ಒಂದೊಂದು ಹಲ್ಲೂ ಎದ್ದು ಕಾಣುವ ಹಾಗೆ. ಕೆಮ್ಮಣ್ಣಿನ ಪಟ್ಟೆಗಳು ಅಡ್ಡಕ್ಕಿರಲಿಲ್ಲ. ಒಂದೊಂದು ಹಲ್ಲಿನಿಂದ ಒಂದೊಂದು ಪಟ್ಟೆ ಹೊರಟು, ಇಟ್ಟಿಗೆ ವರಸೆಯ ಜೊತೆಜೊತೆಗೆ, ಕೈ ಎಟುಕುವವರೆಗೆ ಓರೆಯಾಗಿ ಏರಿ ಹೋಗಿತ್ತು. ಹೊಸ ಮೂಲೆಯಲ್ಲೂ ಅಷ್ಟೇ.

“ನೂಲು ಹಿಡ್ದೇ ಎಳ್ದಿದ್ದು,” ಎಂದರು ಅಜ್ಜಿ, ಕೆಂಪಾದ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ. “ಮಟ್ಟಕ್ಕೆ ಎಳ್ದಿದ್ರೆ ಸುಲಭವಾಗ್ತಿತ್ತು. ಇದಕ್ಕೆ ದಿನವೆಲ್ಲ ಹಿಡೀತು. ಸೊಸೆ ಬೈದ್ಲು.”

ಮೇಲೆ ರಸ್ತೆಯಲ್ಲಿ ಒಂದು ಬೈಕು ನಿಂತಿತು. ಬೆಟ್ಟದ ಕಡೆ ಹೊರಟಿದ್ದ ಬೆಂಗಳೂರಿನ ಇಬ್ಬರು ಯುವಕರು ದಡದ ಅಂಚಿನಲ್ಲಿ ನಿಂತು ಕಮಾನಿನಡಿಗೆ ಬಗ್ಗಿ ನೋಡಿದರು.

“ಏನ್ ಗುರೂ ಇದು! ಪೇಂಟ್ ಹೊಡ್ದವ್ನು ಫುಲ್ ಟೈಟಾಗಿದ್ದ ಅನ್ಸುತ್ತೆ. ಎಲ್ಲಾ ಸೊಟ್ಟ!”

ಸರ್ವೇಯರ್ ಏನೋ ಹೇಳಲು ಹೊರಟ. ಅಜ್ಜಿ ಕೈಯೆತ್ತಿ ತಡೆದು, ನನ್ನ ಕಡೆ ನೋಡಿ ನಕ್ಕು, ಮೇಲಕ್ಕೆ ಕೂಗಿದರು.

“ಹೂಂ ಕಣಪ್ಪಾ! ಗಾಡಿ ನಿಲ್ಸಿ ಕೆಳಕ್ಕಿಳ್ದು ಬನ್ನಿ, ನಿಂತು ನೋಡಿ. ತಲೆ ತಿರುಗ್ತದೆ, ನಿಧಾನಕ್ಕಿಳೀರಿ.”